ಗೇಟಿನ ಪಕ್ಕದ ಹಗ್ಗ

ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಸೋಕಿಸಬಾರದು,
ಹಳೇದೇ ಆಗಬೇಕು, ನೂರು ಒಗೆತ ಕಂಡಿದ್ದು,
ಎಂದಳು ಕೀಮನ್ ಹೆಂಡತಿ ಜೈಬೂನಕ್ಕ.
ಟ್ರಂಕಿನಲ್ಲಿ ಅಪ್ಪನ ಪಂಚೆ ಎರಡಿದ್ದವು,
ಸುಕನ್ಯಳ ವಾಯಿಲ್ ಸೀರೆ ಒಂದು, ಕೆಂಪು,
ಮದುವೆಗೆ ಮುಂಚಿನದು.
ಹರಿದೆವು.
ಪಂಚೆ ಹರಿದ ಸದ್ದು
ಅಪ್ಪ ಒಳಮನೆಯಲ್ಲಿ ಗಂಟಲು ಸರಿಮಾಡಿಕೊಂಡಂತಿತ್ತು.

ಅದಕ್ಕೂ ಮೊದಲು ಬಾಣಾವರದ ಮೆಡಿಕಲ್ಲಿಂದ ಡೈಪರು ತಂದಿದ್ದೆ.
ನಾಲ್ಕೇ ದಿನ.
ಐದನೆಯ ದಿನ ತೊಡೆಸಂದಿಯಲ್ಲಿ ಕೆಂಪು.
ಕೆಂಪು ಕಂಡರೆ ನಿಲ್ಲಿಸುವುದು ನಮ್ಮ ಕಸುಬು.
ನಿಲ್ಲಿಸಿದೆ.

ಅತ್ತೆ ಕಡೂರಿನಲ್ಲಿ ಮಣಿಕಟ್ಟು ಮುರಿದುಕೊಂಡು ಕೂತವರು,
ಬಾಣಂತನಕ್ಕೆ ಬರಲಾರದ ಸಿಟ್ಟನ್ನೆಲ್ಲ ಫೋನಿಗೆ ಸುರಿದು ಪಾಠ ಹೇಳಿದರು:
ಚೌಕ ಹಾಸಿ. ಮೂಲೆಗೆ ಮೂಲೆ ಸೇರಿಸಿ. ಮುಕ್ಕೋಣ ಆಯ್ತಾ?
ಕೂಸನ್ನ ಮೇಲಿಟ್ಟು, ಕೆಳತುದಿ ಕಾಲ ನಡುವಿಂದ ಹೊಟ್ಟೆಗೆ ತನ್ನಿ.
ಹೊಕ್ಕುಳು ಇನ್ನೂ ಹಸಿ, ಅದರ ಕೆಳಗೇ ನಿಲ್ಲಿಸಿ.
ಎರಡು ಬೆರಳು ಆಡುವಷ್ಟು ಸಡಿಲ,
ಕಸ್ತಿ ಪೈಲ್ವಾನನಿಗೆ ಕಟ್ಟಿದಂಗೆ ಕಟ್ಟಬೇಡಿ ಮತ್ತೆ!

ಮೊದಲ ಸಲ ಗಂಟು ಬಿಚ್ಚಿಕೊಂಡಿತು.
ಎರಡನೇ ಸಲ ಕಾಲೊಂದು ಒಳಗೇ ಸೇರಿಕೊಂಡಿತು.
ಮೂರನೇ ಸಲ ಕಟ್ಟಿ ಮುಗಿಸಿ,
ನೋಡು ಬಾ ಸುಕನ್ಯ, ಎನ್ನುವಷ್ಟರಲ್ಲಿ
ಅಂಗೈ ಬೆಚ್ಚಗಾಯಿತು.
ನಗಿಸಬೇಡಿ, ಹೊಲಿಗೆ ಎಳೆಯುತ್ತೆ, ಎನ್ನುತ್ತಲೇ ನಕ್ಕಳು,
ತಾಳಿಯಲ್ಲಿ ತೂಗುತ್ತಿದ್ದ ಪಿನ್ನು ಬಿಚ್ಚಿ ಕೊಟ್ಟಳು.
ಬೆರಳು ಒಳಗಿಟ್ಟು ಹಾಕಿ.
ಚುಚ್ಚಿದರೆ ನಿಮಗೇ ಚುಚ್ಚಲಿ.

ಗೇಟಿನ ಪುಸ್ತಕದಲ್ಲಿ ಎಲ್ಲ ಬರೆಯುತ್ತೇನೆ,
ಯಾವ ಗಾಡಿ, ಮುಚ್ಚಿದ್ದೆಷ್ಟಕ್ಕೆ, ತೆರೆದದ್ದೆಷ್ಟಕ್ಕೆ.
ಇವಳ ಬರವಿಗೆ ಫೋನೂ ಬಾರದು, ಗಂಟೆಯೂ ಬಾರದು.
ನಿನ್ನೆ ಲೆಕ್ಕ ಹಾಕಿದೆ:
ಗಾಡಿ ಇಪ್ಪತ್ತೊಂದು, ಬಟ್ಟೆ ಹದಿನೇಳು.
ಅದರಲ್ಲಿ ಎರಡು ನನ್ನ ಯೂನಿಫಾರಂ ಅಂಗಿ.

ಬೋರಿನ ನೀರು ಇಲ್ಲಿ ಗಡಸು, ಸೋಪು ನೊರೆಯೇ ಬಿಡದು.
ಒಣಗಿದ ಬಟ್ಟೆ ಹಿಡಿದರೆ ಹಪ್ಪಳ,
ಗೋಡೆಗೆ ಒರಗಿಸಿದರೆ ನಿಂತೀತು.
ತಣ್ಣೀರಲ್ಲೇ ಮೊದಲು ಜಾಲಿಸು ಗಂಗಾಧರ, ಬಿಸಿನೀರಿಗೆ ಕಲೆ ಕೂರುತ್ತೆ,
ಕೊನೇ ನೀರಿಗೆ ಅರ್ಧ ನಿಂಬೆಹಣ್ಣು ಹಿಂಡು,
ಹಳದಿ ಹೋಗಲಿಲ್ಲವಾ, ಉಜ್ಜಬೇಡ,
ಉಳಿದದ್ದನ್ನ ಬಿಸಿಲು ತಿನ್ನುತ್ತೆ, ಎಂದಳು ಜೈಬೂನಕ್ಕ,
ಐದು ಮಕ್ಕಳ ಬಟ್ಟೆ ಇದೇ ಬಿಸಿಲಿಗೆ ಹಾಕಿದವಳು.

ಹಾಗಾಗಿ ತೆಂಗಿನ ಹುರಿಹಗ್ಗ ಕಟ್ಟಿದೆ,
ಗೂಡಿನ ಕಿಟಕಿಯಿಂದ ಹೊಂಗೆಮರಕ್ಕೆ.
ಎಕ್ಸ್‌ಪ್ರೆಸ್ಸು ಹೋದರೆ ಅಷ್ಟೂ ಒಮ್ಮೆಲೇ ಎದ್ದು
ಹಳಿಯ ಕಡೆ ಕೈ ಚಾಚುತ್ತವೆ.
ಗೇಟಿನಲ್ಲಿ ಕಾಯುವ ಕೊಬ್ಬರಿ ಲಾರಿಯವನು ಕೇಳುತ್ತಾನೆ, ಗಂಡಾ ಹೆಣ್ಣಾ?

ಬುಧವಾರ ಟ್ರಾಲಿಯಲ್ಲಿ ಬಂದ ಸಾಹೇಬರು
ಕೊಡೆ ಮಡಚಿ ಇಳಿದರು. ಹಗ್ಗದ ಈ ತುದಿಯಿಂದ ಆ ತುದಿಗೆ ನೋಡಿದರು.
ಎಷ್ಟು ದಿನ?
ಹದಿನೆಂಟು ಸಾರ್.
ಬಿಳೀದು ಇರಲಿ. ಆ ಕೆಂಪು ತೆಗಿ ಮೊದಲು.
ದೂರದಿಂದ ಡ್ರೈವರು ಏನಂತ ತಿಳೀಬೇಕು?
ತೆಗೆದೆ. ಹಸಿಯಾಗೇ ಇತ್ತು.
ಟ್ರಾಲಿ ಹತ್ತಿದ ಮೇಲೆ ಹಿಂತಿರುಗಿ
ನಮ್ಮ ಹುಡುಗೀದು ನಾನು ಒಂದಾದರೂ, ಎಂದೇನೋ ಅಂದರು,
ತಳ್ಳುವವರು ಆಗಲೇ ಓಡತೊಡಗಿದ್ದರು,
ಉಳಿದದ್ದು ಕೇಳಲಿಲ್ಲ.

ಈಗ ಕೆಂಪು ಒಳಗೇ ಒಣಗುತ್ತದೆ, ಒಲೆಯ ಮೇಲಿನ ತಂತಿಗೆ.
ರಾತ್ರಿಗೆ ಅದೇ, ಪಂಚೆಯ ತುಂಡೆರಡು ಒಳಗಿಟ್ಟು.
ಬೆಳಗಿನ ಜಾವದ ಮಾಲ್‌ಗಾಡಿಗೆ
ಒಂದು ಕೈಯಲ್ಲಿ ಹಸಿರು ದೀಪ ಹಿಡಿದು ನಿಲ್ಲುತ್ತೇನೆ.
ಇನ್ನೊಂದು ಕೈ ಸ್ವೆಟರಿನ ಜೇಬಿನೊಳಗೆ
ಸೆಟೆದ ಬಟ್ಟೆಯೊಂದನ್ನು ಹಿಸುಕುತ್ತಿರುತ್ತದೆ.
ಐವತ್ತೆಂಟು ಡಬ್ಬಿ ದಾಟುವಷ್ಟರಲ್ಲಿ
ಮೆತ್ತಗಾಗುತ್ತದೆ.